ಫೆಟುವಿನ ಹಜಾರಕ್ಕೆ ಬಣ್ಣ

ಫೆಟುವಿಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಎರಡೂ ಅವನ ಕಣ್ಣಿಗೆ ಕೆಸರಿನ ಹಾಗೆ. ಈ ಗುಟ್ಟು ಸಮೋವಾದ ಆ ಹಳ್ಳಿಯಲ್ಲಿ ಹೆಂಡತಿ ಮಸೀನಾಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಅವನೇ "ಬಣ್ಣದ ವಿಷಯದಲ್ಲಿ ನನ್ನ ಕಣ್ಣು ತಪ್ಪೋದೇ ಇಲ್ಲ" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ.

ಹೊಸ ಪಾದ್ರಿ ಸಂಜೆ ಊಟಕ್ಕೆ ಬರುವವರಿದ್ದರು. ಬೆಳಿಗ್ಗೆಯೇ ಮಸೀನಾ ಹೆಸರು ಬರೆಯದ ಎರಡು ಡಬ್ಬಿ ಬಣ್ಣ ತಂದಿಟ್ಟಳು. "ಒಂದು ಇಟ್ಟಿಗೆ ಕೆಂಪು, ಒಂದು ಎಲೆ ಹಸಿರು. ಎರಡನ್ನೂ ಗೋಡೆಗೆ ಬಳಿದು ನೋಡಿ, ಚೆನ್ನಾಗಿರೋದನ್ನ ಹಜಾರಕ್ಕೆ ಹೊಡೀರಿ. ನಿಮಗೆ ನಾನೇನು ಹೇಳೋದು" ಎಂದು ಅಕ್ಕನ ಮನೆಗೆ ಹೊರಟುಹೋದಳು.

ಫೆಟು ಅಕ್ಕಪಕ್ಕ ಎರಡು ಪಟ್ಟೆ ಬಳಿದು, ಒಂದೊಂದರ ಕೆಳಗೆ ಅದರದರ ಡಬ್ಬಿ ಇಟ್ಟ. ಎರಡೂ ಅವಳಿ ಮಕ್ಕಳ ಹಾಗಿದ್ದವು.

ಪಕ್ಕದ ಮನೆ ಪೆನೀನಾ ಕಿಟಕಿಯಿಂದ ಇಣುಕಿದಳು. "ಎಡಗಡೆ ಬಳಿದಿದ್ದೀರಲ್ಲ, ಆ ಕೆಂಪೇ ಇರಲಿ ಅಣ್ಣ."

"ಕಟುಕನ ಅಂಗಡಿ ಮಾಡ್ತೀಯೇನಮ್ಮ?" ಹಿಂದಿನ ಮನೆಯ ಮುದುಕ ಲಾಫಾಯ್ ಒಳಗೇ ಬಂದ. "ಹಸಿರು ಹೊಡಿ ಕಣೋ."

"ಆಮೇಲೆ ಹಂದಿಗಳು ಮೇಯೋಕೆ ಬರ್ತವೆ" ಎಂದಳು ಅವಳು.

"ನನ್ನ ಮನಸ್ಸಲ್ಲಿ ಇದ್ದದ್ದೂ ಹಸಿರೇ" ಎಂದು ಫೆಟು ಗಂಭೀರವಾಗಿ ಬಲಗಡೆಯ ಡಬ್ಬಿ ಎತ್ತಿಕೊಂಡ. ಮಧ್ಯಾಹ್ನದೊಳಗೆ ಎರಡು ಗೋಡೆ ಮುಗಿದವು.

ಸೋತರೂ ಪೆನೀನಾ ಊಟಕ್ಕೆ ಕರೆದಳು. ತೆಂಗಿನಹಾಲಲ್ಲಿ ಬೆಂದ ಕೆಸುವಿನೆಲೆ ತಿಂದು ಬಂದರೆ, ಲಾಫಾಯ್ ಉಪಕಾರ ಮಾಡಿಬಿಟ್ಟಿದ್ದ. ನೆಲ ಒರೆಸಿ, ಕಮ್ಮಿಯಾಗಿದ್ದ ಬಣ್ಣಕ್ಕೆ ನೀರು ಬೆರೆಸಿ ಎರಡನ್ನೂ ಸಮ ಮಾಡಿ, ಡಬ್ಬಿಗಳನ್ನು ಒಪ್ಪವಾಗಿ ಮೂಲೆಗಿಟ್ಟು ಹೋಗಿದ್ದ.

ಯಾವುದು ಯಾವುದು? ಫೆಟು ಬಗ್ಗಿ ನೋಡಿದ, ಮೂಸಿದ, ಅಲ್ಲಾಡಿಸಿದ. ಹೋಗಿ ಕೇಳಿದರೆ ಇಷ್ಟು ವರ್ಷದ ಮರ್ಯಾದೆ ಮಣ್ಣುಪಾಲು. ದೇವರ ಮೇಲೆ ಭಾರ ಹಾಕಿ ಒಂದನ್ನು ಎತ್ತಿಕೊಂಡು ಉಳಿದೆರಡು ಗೋಡೆ ಮುಗಿಸಿದ.

ಸಂಜೆ ಮಸೀನಾ ಪಾದ್ರಿಯ ಜೊತೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಫೆಟು ಕುಂಚವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಎರಡು ಗೋಡೆ ಹಸಿರು, ಎರಡು ಕೆಂಪು" ಎಂದರು ಪಾದ್ರಿ ನಿಧಾನವಾಗಿ. "ನಮ್ಮೂರಿನ ಕಾಡು, ನಮ್ಮೂರಿನ ಮಣ್ಣು. ಈ ಧೈರ್ಯ ಯಾರದ್ದು?"

"ನಮ್ಮನೆಯವರದ್ದೇ ಅಯ್ಯನೋರೇ" ಎಂದಳು ಮಸೀನಾ, ತಲೆ ಎತ್ತಿ. ಅವಳ ಮುಖ ನೋಡಿ ಫೆಟುವಿನ ಎದೆ ತಾನೇ ತಾನಾಗಿ ಉಬ್ಬಿತು.

"ಹಾಗಾದರೆ ಸೋಮವಾರದಿಂದ ಚರ್ಚಿನ ಕೆಲಸ ಇವರದ್ದೇ. ಕಂಬ, ಕಿಟಕಿ, ಬೆಂಚು, ಎಲ್ಲದರ ಬಣ್ಣವನ್ನೂ ಇವರೊಬ್ಬರೇ ಆರಿಸಲಿ." ಪಾದ್ರಿ ಜೇಬಿನಿಂದ ಬಣ್ಣದ ಎರಡು ಚೀಟಿ ತೆಗೆದರು. "ಬಾಗಿಲಿಗೆ ಯಾವುದು, ಈಗಲೇ ಹೇಳಿ. ಕೆಂಪೋ, ಹಸಿರೋ?"

ಫೆಟು ಬೆವರುತ್ತಾ, ಸಿಕ್ಕಿದ್ದರ ಮೇಲೆ ಬೆರಳಿಟ್ಟ.

"ನೋಡಿದ್ರಾ" ಎಂದಳು ಮಸೀನಾ ಹೆಮ್ಮೆಯಿಂದ, "ಒಂದು ಗಳಿಗೆನೂ ಯೋಚನೆ ಮಾಡ್ಲಿಲ್ಲ."