ನೀರು ಪಾಸು, ಟವೆಲ್ಲು ಫೇಲು

ಎಲ್ಲ ಶುರುವಾದದ್ದು ಅಧ್ಯಕ್ಷ ವಿರೇಶನ ಬಿಳಿ ಅಂಗಿಯಿಂದ. ತೊಂಡಿಗುಂಡಿ ಗ್ರಾಮ ಪಂಚಾಯ್ತಿಗೆ ಅಧ್ಯಕ್ಷನಾದ ದಿನದಿಂದ ಆತ ಬಿಳಿ ಬಿಟ್ಟು ಬೇರೆ ಬಣ್ಣ ತೊಟ್ಟವನಲ್ಲ. ಸೋಮವಾರ ಬೆಳಿಗ್ಗೆ ಸಿಂಧನೂರಿನ ಒಂದು ಮದುವೆಗೆ ಹೊರಡಬೇಕೆಂದು ಹಗ್ಗದ ಮೇಲಿನ ಅಂಗಿ ತೆಗೆದು ನೋಡಿದರೆ, ನಳದ ನೀರಿನಲ್ಲಿ ಒಗೆದ ಆ ಹಾಲಿನಂಥ ಅಂಗಿ ಎದೆಯಿಂದ ಬೆನ್ನಿನವರೆಗೆ ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು. ಆತ ಮದುವೆಯನ್ನು ಅಲ್ಲಿಗೇ ಬಿಟ್ಟು ಬನಿಯನ್ನಿನಲ್ಲೇ ವಾಟರ್‌ಮನ್ ಗದ್ದೆಪ್ಪನ ಮನೆಗೆ ಬಂದ.

ಗದ್ದೆಪ್ಪ ಹದಿನಾಲ್ಕು ವರ್ಷದಿಂದ ಊರಿಗೆ ನೀರು ಬಿಡುವವನು. ಕಾಲುವೆಯಿಂದ ಕೆರೆಗೆ, ಕೆರೆಯಿಂದ ಪಂಪಿನಲ್ಲಿ ಮೇಲಿನ ಟ್ಯಾಂಕಿಗೆ, ಟ್ಯಾಂಕಿನಿಂದ ನಾನೂರ ಹನ್ನೆರಡು ಮನೆಗಳ ನಳಕ್ಕೆ ನೀರು ಹೋಗುವುದೆಲ್ಲ ಆತನ ಹೆಗಲ ಮೇಲಿನ ಉದ್ದನೆಯ ಕಬ್ಬಿಣದ ವಾಲ್ವ್ ಚಾವಿಯಿಂದ. ಆ ಚಾವಿ ಇಲ್ಲದೆ ಆತನನ್ನು ಊರಲ್ಲಿ ಕಂಡವರಿಲ್ಲ. ಮಾವನ ಮನೆಗೆ ಹಬ್ಬಕ್ಕೆ ಹೋದಾಗಲೂ ಹೊತ್ತುಕೊಂಡೇ ಹೋಗಿದ್ದನಂತೆ.

ಟ್ಯಾಂಕ್ ತೊಳೆಯದೆ ತುಕ್ಕು ಹಿಡಿಸಿದ್ದೀಯ, ಅದಕ್ಕೇ ನೀರು ಕೆಂಪಗೆ ಬರುತ್ತಿದೆ ಎಂದು ವಿರೇಶ ಕೂಗಾಡಿದ. ಹೋದ ಅಮಾವಾಸ್ಯೆಗೇ ತೊಳೆದಿದ್ದೇನೆ, ತಪ್ಪು ಟ್ಯಾಂಕಿನದಲ್ಲ, ಕೆರೆಯದು ಎಂದ ಗದ್ದೆಪ್ಪ. ಎರಡು ತಿಂಗಳ ಹಿಂದೆ ಲಿಂಗಸುಗೂರಿನಿಂದ ನೀರಿನ ಪರೀಕ್ಷೆ ಮಾಡುವ ಮಮತಾ ಮೇಡಂ ಕೆರೆ ನೋಡಲು ಬಂದಾಗ ಹೇಳಿದ್ದನ್ನೆಲ್ಲ ಆತ ಬಾಯಿಪಾಠ ಮಾಡಿಕೊಂಡಿದ್ದ. ಅದನ್ನೇ ಒಪ್ಪಿಸಿದ. ಗದ್ದೆಯ ಗೊಬ್ಬರದ ನೀರು ಕೆರೆಗೆ ಇಳಿಯುತ್ತದೆ. ಅದನ್ನು ತಿಂದು ಪಾಚಿ ಕೊಬ್ಬುತ್ತದೆ. ಕೊಬ್ಬಿದ ಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುತ್ತದೆ, ಕೊಳೆಯುವಾಗ ತಳದ ನೀರಿನಲ್ಲಿದ್ದ ಗಾಳಿಯನ್ನೆಲ್ಲ ಮುಗಿಸುತ್ತದೆ. ಉಸಿರುಕಟ್ಟಿದ ಕೆಸರು ತಾನು ಹಿಡಿದಿಟ್ಟುಕೊಂಡಿದ್ದ ಕಬ್ಬಿಣವನ್ನು ನೀರಿಗೆ ಬಿಡುತ್ತದೆ, ಜೊತೆಗೆ ಹಳೆಯ ಗೊಬ್ಬರದ ಸಾರವನ್ನೂ ಬಿಡುತ್ತದೆ. ಆ ಸಾರ ತಿಂದು ಮತ್ತೆ ಪಾಚಿ. ಹೀಗೆ ತಿರುಗಣಿ. ತಳದಲ್ಲಿರುವಾಗ ಆ ನೀರು ಗಾಜಿನಂತೆ ತಿಳಿಯಾಗಿಯೇ ಇರುತ್ತದೆ, ಗಾಳಿ ತಾಗಿದ ಮೇಲೆ ಕೆಂಪಾಗುತ್ತದೆ.

ಕೆರೆಯ ಮೇಲಿನ ದಂಡೆಗೆ ಹತ್ತಿದ ಎಂಟು ಎಕರೆ ಭತ್ತದ ಗದ್ದೆ ವಿರೇಶನದೇ. ಹಾಗಾಗಿ ಈ ವಿಜ್ಞಾನ ಅವನಿಗೆ ರುಚಿಸಲಿಲ್ಲ.

"ಕೆಸರು ಉಸಿರಾಡತೈತಂತ, ಕೆರಿ ಕಬ್ಬಿಣ ಕಾರತೈತಂತ," ಎಂದ. "ನೋಡು ಗದ್ದೆಪ್ಪ, ಇವತ್ತ ಸಂಜಿ ಆರಕ್ಕ ಮೀಟಿಂಗ್ ಐತಿ. ಕೆರಿ ನೀರಾಗ ಕಬ್ಬಿಣ ಐತಿ ಅಂತ ಮೇಡಂ ಕಡಿಂದ ರಿಪೋರ್ಟ್ ತಂದ್ರ ಸರಿ. ಇಲ್ಲಂದ್ರ ಚಾವಿ ಟೇಬಲ್ ಮ್ಯಾಲ ಇಟ್ಟು ಮನಿಗಿ ಹೋಗು."

ಗದ್ದೆಪ್ಪ ಮೇಡಂಗೆ ಫೋನ್ ಮಾಡಿದ. ಎರಡು ಲೀಟರಿನ ಕ್ಯಾನನ್ನು ಕಂಠದವರೆಗೆ ತುಂಬಿಸಿ, ಗಾಳಿಯಾಡದಂತೆ ಮುಚ್ಚಿ, ಮಧ್ಯಾಹ್ನ ಮೂರು ಗಂಟೆಯೊಳಗೆ ತನ್ನಿರಿ, ದಾರಿಯಲ್ಲಿ ಯಾರೂ ತೆರೆಯಬಾರದು ಎಂದು ಆಕೆ ಮೂರು ಸಲ ಹೇಳಿದಳು. ಮುಚ್ಚಿದ ಕ್ಯಾನು ಕಂಡರೆ ತೆರೆದು ನೋಡದ ಮಂದಿ ನಮ್ಮ ಕಡೆ ಎಷ್ಟಿದ್ದಾರೆ ಎಂಬುದನ್ನು ಆಕೆ ಲಿಂಗಸುಗೂರಿನಲ್ಲಿ ಕೂತು ಮರೆತಿರಬೇಕು. ಗದ್ದೆಪ್ಪ ಕೆರೆಯ ಪಂಪಿನ ಬಾಯಲ್ಲೇ, ಅಧ್ಯಕ್ಷ ನೋಡುತ್ತಿರುವಂತೆಯೇ ನೀರು ಹಿಡಿದು ಬಿರಡೆ ಬಿಗಿದ. ನೀರು ಗಾಜಿನಂತೆ ಹೊಳೆಯುತ್ತಿತ್ತು.

ಅಂಗಿ ಬದಲಿಸಲು ಮನೆಗೆ ಬಂದದ್ದೇ ತಪ್ಪಾಯಿತು. ಹೆಂಡತಿ ಪಾರ್ವತೆಮ್ಮ ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿ, ಇಷ್ಟು ತಿಳಿಯಾದ ನೀರು ತೋರಿಸಿ ನೌಕರಿ ಉಳಿಸಿಕೊಳ್ಳುತ್ತೀಯಾ ಎಂದು ಕೇಳಿದಳು. ಗಾಳಿ ತಾಗಿದರೆ ಕೆಂಪಾಗುತ್ತದೆ ಎಂದು ಹೇಳಿ ಗದ್ದೆಪ್ಪ ಗಡ್ಡ ಮಾಡಿಕೊಳ್ಳಲು ಕೂತ. ಖರೆಯೋ ಸುಳ್ಳೋ ನೋಡೇಬಿಡೋಣ ಎಂದು ಆಕೆ ಬಿರಡೆ ತೆಗೆದು ನೀರನ್ನು ಈ ತಂಬಿಗೆಯಿಂದ ಆ ತಂಬಿಗೆಗೆ, ಆ ತಂಬಿಗೆಯಿಂದ ಈ ತಂಬಿಗೆಗೆ, ಬಿಸಿ ಚಹಾ ಆರಿಸಿದ ಹಾಗೆ ಎತ್ತಿ ಎತ್ತಿ ಸುರಿದಳು. ಪಕ್ಕದ ಮನೆಯ ಇಬ್ಬರು ಹೆಂಗಸರೂ ಬಂದು ಕೈ ಹಚ್ಚಿದರು. ಗದ್ದೆಪ್ಪ ಎರಡು ಕೆನ್ನೆ ಮುಗಿಸುವಷ್ಟರಲ್ಲಿ ನೀರು ಕೆಮ್ಮಣ್ಣು ಕದಡಿದಂತಾಗಿತ್ತು.

ಪಾರ್ವತೆಮ್ಮನಿಗೆ ಗಂಡನ ಮಾತು ಖರೆಯಾದ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಈ ಕಾಲುವೆ ಸೀಮೆಯಲ್ಲಿ ಯಾರಿಗಾದರೂ ತಿಳಿಯಾಗದ ನೀರು ಕೊಟ್ಟರೆ ಮನೆಯ ಮಾನ ಬೀದಿಗೆ ಬಂದಂತೆ. ವೈರಿ ಬಂದರೂ ಮೊದಲು ತಿಳಿನೀರು, ಆಮೇಲೆ ಜಗಳ. ಇಂಥ ರಾಡಿಯನ್ನು ಓದಿದ ಹೆಣ್ಣುಮಗಳ ಕೈಗೆ ಕೊಟ್ಟು ತನ್ನ ಹೆಸರು ಕೆಡಿಸಬೇಡ ಎಂದು ಆಕೆ ಸೋಸುವ ಬಟ್ಟೆ ತರಲು ಒಳಗೆ ಹೋದಳು. ಗದ್ದೆಪ್ಪ ಇದ್ದಷ್ಟು ನೀರನ್ನು ಕ್ಯಾನಿಗೆ ಸುರಿದುಕೊಂಡು, ಅರ್ಧ ಗುಂಡಿ ಹಾಕಿದ ಅಂಗಿಯಲ್ಲೇ ಓಡಿದ. ಕೆಂಪಾದರೂ ಚಿಂತೆಯಿಲ್ಲ, ಕಬ್ಬಿಣ ಒಳಗೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡ.

ಸಿಂಧನೂರಿನಲ್ಲಿ ಮಸ್ಕಿಯ ಬಸ್ಸು ಹತ್ತಿದಾಗ ಪಕ್ಕದಲ್ಲಿ ಊರಿನ ಬಿಬಿಜಾನ್ ಸಿಕ್ಕಳು. ಮಸ್ಕಿಯಲ್ಲಿದ್ದ ಮಗಳನ್ನು ನೋಡಲು ಹೊರಟಿದ್ದ ಆ ಮುದುಕಿ, ಗದ್ದೆಪ್ಪನ ಕತೆಯನ್ನು ಪೂರಾ ಕೇಳಿ ಕಣ್ಣಲ್ಲಿ ನೀರು ತಂದುಕೊಂಡಳು. ಬೆಳಗಿನ ನಾಲ್ಕಕ್ಕೆ ವಾಲ್ವ್ ತಿರುಗಿಸಲು ಎದ್ದಿದ್ದ ಗದ್ದೆಪ್ಪ ಕ್ಯಾನನ್ನು ಆಕೆಯ ವಶಕ್ಕೆ ಕೊಟ್ಟು ನಿದ್ದೆಹೋದ. ಎಚ್ಚರವಾದಾಗ ಬಸ್ಸು ಪಂಕ್ಚರ್ ಆಗಿ ಜಾಲಿ ಮರದ ಕೆಳಗೆ ನಿಂತಿತ್ತು, ಬಿಬಿಜಾನ್ ಎಲೆ ಚಂಚಿಯ ದಾರ ಬಿಗಿಯುತ್ತಿದ್ದಳು.

ಕ್ಯಾನಿನೊಳಗೆ ಏನೋ ನಡೆಯುತ್ತಿತ್ತು. ಕೆಂಪೆಲ್ಲ ಚೂರು ಚೂರಾಗಿ ಒಟ್ಟುಗೂಡಿ, ಸಭೆ ಮುಗಿದ ಮಂದಿಯಂತೆ ನಿಧಾನವಾಗಿ ಕೆಳಗಿಳಿಯುತ್ತಿತ್ತು.

"ನೌಕರಿ ಉಳಿಸ್ರಿ ಅಂತ ಹೊಂಟಾಂವ ರಾಡಿ ನೀರು ಹಿಡಕೊಂಡು ಹೋದ್ರ ಯಾರು ಉಳಿಸ್ತಾರ ಬೇಟಾ?" ಎಂದಳು ಬಿಬಿಜಾನ್. "ಚಂಚ್ಯಾಗಿನ ಪಟಕದ ಹಳ್ಳು ಹಾಕೀನಿ, ರಾಡಿ ಎಲ್ಲಾ ತಳಕ್ಕ ಕೂಡತೈತಿ. ಬಸ್ ಚೊಲೋ ಅಲುಗಾಡಿಸ್ತು, ಈಗ ಅರ್ಧ ತಾಸು ನಿಂತೈತಿ. ಮಸ್ಕಿ ಬರೋದ್ರಾಗ ತಿಳಿ ಆಕ್ಕತಿ ನೋಡು."

ಮುದುಕಿಯ ಮೇಲೆ ಸಿಟ್ಟಾಗುವುದು ಹೇಗೆ? ಗದ್ದೆಪ್ಪ ಕ್ಯಾನನ್ನು ಆಕೆಯ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ಇಳಿದದ್ದು ತಳದಲ್ಲೇ ಇದೆ, ಲಿಂಗಸುಗೂರಿನಲ್ಲಿ ಅಲುಗಾಡಿಸಿ ಕೊಟ್ಟರಾಯಿತು ಎಂದುಕೊಂಡ. ಮಸ್ಕಿ ಬರುವವರೆಗೆ ಕ್ಯಾನನ್ನು ಹಸುಗೂಸಿನಂತೆ ಎದೆಗೆ ಅವಚಿಕೊಂಡು ಕೂತ.

ಮಸ್ಕಿಯಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದ ಎದುರು ಕರಿಬಸಯ್ಯನ ಹೋಟೆಲ್ಲಿತ್ತು, ಪರಿಚಯದವನು. ಕ್ಯಾನು ಮತ್ತು ಹೆಗಲ ಮೇಲಿನ ಬಿಳಿ ಟವೆಲ್ಲನ್ನು ಬೆಂಚಿನ ಮೇಲಿಟ್ಟು, ಇದು ಪರೀಕ್ಷೆಯ ನೀರು, ಯಾರೂ ಮುಟ್ಟದಂತೆ ನೋಡಿಕೋ ಎಂದು ಹೇಳಿ ಗದ್ದೆಪ್ಪ ಬಸ್ಸಿನ ಹೊತ್ತು ಕೇಳಲು ಹೋದ. ಬಂದು ನೋಡಿದರೆ ಕರಿಬಸಯ್ಯ ಯಾರನ್ನೂ ಮುಟ್ಟಗೊಟ್ಟಿರಲಿಲ್ಲ, ತಾನೇ ಮುಟ್ಟಿದ್ದ. ನೀರನ್ನು ಗದ್ದೆಪ್ಪನ ಟವೆಲ್ಲಿನಲ್ಲೇ ಸೋಸಿ, ತಳದ ಗಸಿಯನ್ನು ಚರಂಡಿಗೆ ಚೆಲ್ಲಿ, ಕ್ಯಾನನ್ನು ಬೂದಿ ಹಾಕಿ ತಿಕ್ಕಿ, ಸೋಸಿದ ನೀರನ್ನು ಮತ್ತೆ ತುಂಬಿ, ಬಿರಡೆ ಒರೆಸಿ ಇಟ್ಟಿದ್ದ.

"ನಮ್ಮ ಹೋಟಲದಾಗ ಕುಂತು ಎದ್ದಾಂವ ಗಸಿ ನೀರು ಹೊತ್ತುಕೊಂಡು ಹೋದ ಅಂದ್ರ, ನಾ ಮಸ್ಕ್ಯಾಗ ತಲಿ ಎತ್ತಿ ತಿರುಗಬೇಕೋ ಬ್ಯಾಡೋ?" ಎಂದು ಆತ ಹೆಮ್ಮೆಯಿಂದ ಕೇಳಿದ.

ಗದ್ದೆಪ್ಪ ಒಂದು ಚಮಚ ಎತ್ತಿಕೊಂಡು ಚರಂಡಿಯ ಬದಿಗೆ ಕುಕ್ಕುರುಗಾಲಲ್ಲಿ ಕೂತ. ಹದಿನಾಲ್ಕು ವರ್ಷದ ನೌಕರಿ ಚಹಾಪುಡಿಯ ಚರಟದ ಜೊತೆ ಹರಿದುಹೋಗುತ್ತಿತ್ತು. ಆತ ಕೆದಕುವುದನ್ನು ಕಂಡು, ಉಂಗುರ ಬಿದ್ದಿದೆಯೇ ಎಂದು ಒಬ್ಬ ಕೇಳಿದ. ಅಲ್ಲ, ಕಬ್ಬಿಣ ಎಂದ ಗದ್ದೆಪ್ಪ. ಚರಂಡಿಯಲ್ಲಿ ಕಬ್ಬಿಣ ಹುಡುಕುವವನು ಬಂಗಾರ ಬಚ್ಚಿಡುತ್ತಿದ್ದಾನೆ ಎಂದು ಆ ಮನುಷ್ಯನಿಗೆ ಖಾತ್ರಿಯಾಯಿತು. ಎರಡು ನಿಮಿಷದಲ್ಲಿ ಏಳು ಮಂದಿ ಕೋಲು, ಸೌಟು ಹಿಡಿದು ಚರಂಡಿಗೆ ಇಳಿದಿದ್ದರು. ಅಷ್ಟರಲ್ಲಿ ಲಿಂಗಸುಗೂರಿನ ಬಸ್ಸು ಬಂತು. ಒದ್ದೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ತಿಳಿನೀರಿನ ಕ್ಯಾನು ಹಿಡಿದು ಗದ್ದೆಪ್ಪ ಹತ್ತಿದ. ದೇವರು ದೊಡ್ಡವನು, ಎಲ್ಲೋ ಒಂದು ಚೂರು ಕಬ್ಬಿಣ ಉಳಿಸಿರುತ್ತಾನೆ ಎಂಬುದೊಂದೇ ಆತನಿಗೆ ಉಳಿದ ಆಸೆ.

ದೇವರು ಉಳಿಸಿರಲಿಲ್ಲ. ಮಮತಾ ಮೇಡಂ ಗಾಜಿನ ನಳಿಕೆಗೆ ನೀರು ಹಾಕಿ, ಕಬ್ಬಿಣವಿದ್ದರೆ ಕೆಂಪಾಗುವ ಎರಡು ಬಗೆಯ ಔಷಧಿ ಬಿಟ್ಟು ನೋಡಿದಳು. ಬಣ್ಣ ಬರಲಿಲ್ಲ. ಇನ್ನೊಮ್ಮೆ ನೋಡಿದಳು. ಬಣ್ಣ ಬರಲಿಲ್ಲ.

"ಗದ್ದೆಪ್ಪನೋರ, ನಿಮ್ಮ ಕೆರಿ ನಾ ಕಣ್ಣಾರೆ ನೋಡೀನ್ರಿ," ಎಂದಳು. "ಈ ನೀರಾಗ ಕಬ್ಬಿಣ ಅನ್ನೋದು ಹೆಸರಿಗೂ ಇಲ್ಲ. ಇದನ್ನ ನಾನೂ ಕುಡೀಬಹುದು."

ಗದ್ದೆಪ್ಪನಿಗೆ ದುಃಖ ತಡೆಯಲಾಗಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮುಖ ಎತ್ತಿದಾಗ ಎರಡೂ ಕೆನ್ನೆಗೆ ಕೆಮ್ಮಣ್ಣಿನ ಪಟ್ಟೆ ಬಿದ್ದಿತ್ತು. ಮೇಡಂ ಅದನ್ನು ನೋಡಿ ಏನಾಯಿತು ಎಂದು ಕೇಳಿದಳು. ತಂಬಿಗೆಯಿಂದ ಹಿಡಿದು ಪಟಕ, ಪಂಕ್ಚರ್, ಕರಿಬಸಯ್ಯನವರೆಗೆ ಎಲ್ಲವನ್ನೂ ಆತ ಹೇಳಿದ. ಆಕೆ ನಗಲಿಲ್ಲ. ಕತ್ತರಿ ತಂದು ಟವೆಲ್ಲಿನ ಒಂದು ಮೂಲೆ ಕತ್ತರಿಸಿ, ಆಮ್ಲದಲ್ಲಿ ಅದ್ದಿ, ಅದೇ ಔಷಧಿ ಬಿಟ್ಟಳು. ನಳಿಕೆ ನೆತ್ತರಿನಂತೆ ಕೆಂಪಾಯಿತು.

ಟವೆಲ್ಲು ಹಾಳಾದದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯ ಮೂರು ತಾಲೂಕಿನಲ್ಲಿ ಇನ್ನೊಬ್ಬ ಇರಲಾರ. ನೀರು ಹಿಡಿದದ್ದು ಕೆರೆಯ ಪಂಪಿನಲ್ಲಿ, ಟ್ಯಾಂಕಿನ ಮುಖವನ್ನೇ ಆ ನೀರು ಕಂಡಿಲ್ಲ, ಅದಕ್ಕೆ ಅಧ್ಯಕ್ಷನೇ ಸಾಕ್ಷಿ. ಕಬ್ಬಿಣ ಟವೆಲ್ಲಿನಲ್ಲಿ ಸಿಕ್ಕಿತೆಂದರೆ ಬಂದದ್ದು ಕೆರೆಯಿಂದಲೇ. ನೀರು ಪಾಸು, ಟವೆಲ್ಲು ಫೇಲು ಎಂದು ಮೇಡಂ ರಿಪೋರ್ಟ್ ಬರೆದಳು. ಆಕೆಗೆ ತನ್ನ ಕೆಲಸದ ಮೇಲೆ ಬಹಳ ಪ್ರೀತಿ. ಹಾಗಾಗಿ ಕೆಳಗೆ ಷರಾ ಎಂದು ಎರಡು ಸಾಲು ಸೇರಿಸಿದಳು. ಗದ್ದೆಪ್ಪ ಓದಲಿಲ್ಲ. ಕಾಗದವನ್ನು ಎದೆಯ ಜೇಬಿನಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ಅದರ ಮೇಲೆ ಕೈಯಿಟ್ಟುಕೊಂಡೇ ಊರಿಗೆ ಬಂದ.

ಆರು ಗಂಟೆಗೆ ಪಂಚಾಯ್ತಿ ಕಟ್ಟೆಯ ಮುಂದೆ ಅರ್ಧ ಊರು ಸೇರಿತ್ತು. ವಿರೇಶ ರಿಪೋರ್ಟನ್ನು ನಿಂತು ಓದಿದ. ಕಬ್ಬಿಣ ಕೆರೆಯದೇ, ಗದ್ದೆಪ್ಪನ ತಪ್ಪಿಲ್ಲ ಎಂದಾಗ ಚಪ್ಪಾಳೆ ಬಿತ್ತು. ಹೆಂಗಸರ ನಡುವೆ ಕೂತಿದ್ದ ಪಾರ್ವತೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗದ್ದೆಪ್ಪ ಚಾವಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡ.

ವಿರೇಶ ಷರಾಕ್ಕೆ ಬಂದ. ಕೆರೆಯ ಪಕ್ಕದ ಗದ್ದೆಯ ಗೊಬ್ಬರದ ನೀರನ್ನು ಕೂಡಲೇ ತಡೆಯಬೇಕು ಎಂಬುದು ಮೊದಲ ಸಾಲು. ಅದನ್ನು ಓದುವಾಗ ಆತನಿಗೆ ವಿಪರೀತ ಕೆಮ್ಮು ಬಂತು, ಯಾರಿಗೂ ಏನೂ ಕೇಳಿಸಲಿಲ್ಲ. ಎರಡನೆಯ ಸಾಲಿಗೆ ಗಂಟಲು ಚೆನ್ನಾಗಿ ಬಿಟ್ಟುಕೊಂಡಿತು. ನೀರನ್ನು ತಂಬಿಗೆಯಿಂದ ತಂಬಿಗೆಗೆ ಸುರಿದು, ಪಟಕ ಹಾಕಿ, ಸಿಂಧನೂರಿನಿಂದ ಮಸ್ಕಿಯ ದಾರಿಯಲ್ಲಿ ಅಲುಗಾಡಿಸಿ, ನಡುವೆ ಜಾಲಿ ಮರದ ಕೆಳಗೆ ಪಂಕ್ಚರಿನಿಂದ ಅರ್ಧ ತಾಸು ನಿಲ್ಲಿಸಿ, ಬಿಳಿ ಟವೆಲ್ಲಿನಲ್ಲಿ ಸೋಸಿದರೆ ಕಬ್ಬಿಣ ಪೂರ್ತಿ ಹೋಗುತ್ತದೆ ಎಂಬುದು ಶ್ರೀ ಗದ್ದೆಪ್ಪನವರ ಪ್ರಯೋಗದಿಂದ ಸಿದ್ಧವಾಗಿದೆ.

ಸಭೆ ಬೆರಗಾಯಿತು. ಇಷ್ಟು ಸುಲಭದ ಪದ್ಧತಿ ಇರುವಾಗ ದೊಡ್ಡ ಶುದ್ಧೀಕರಣದ ಮಷಿನ್ ಯಾಕೆ ಬೇಕು ಎಂದು ವಿರೇಶ ಕೇಳಿದ. ಹೋದ ವರ್ಷ ಸರ್ಕಾರಕ್ಕೆ ಬರೆದಿದ್ದ ಮಷಿನ್ನಿನ ಅರ್ಜಿಯನ್ನು ಒಮ್ಮತದಿಂದ ಕೈಬಿಟ್ಟರು. ಊರ ಹಿಂದಿನ ಬಂಡಿ ದಾರಿಯಲ್ಲೂ ಬೇಕಾದಷ್ಟು ತಗ್ಗುಗಳಿವೆ, ಮಸ್ಕಿಯವರೆಗೆ ಯಾಕೆ ಎಂದು ಒಬ್ಬ ಸದಸ್ಯ ತಕರಾರು ತೆಗೆದ. ಮೇಡಂ ಬರೆದ ರಸ್ತೆ ಬಿಟ್ಟು ಬೇರೆ ರಸ್ತೆಯಲ್ಲಿ ಅಲುಗಾಡಿಸಿ ನಾಳೆ ಏನಾದರೂ ಆದರೆ ಯಾರು ಹೊಣೆ ಎಂದು ಉಳಿದವರು ಅವನ ಬಾಯಿ ಮುಚ್ಚಿಸಿದರು. ದಿನಾ ಬೆಳಿಗ್ಗೆ ಟ್ರ್ಯಾಕ್ಟರಿಗೆ ಟ್ಯಾಂಕರ್ ಕಟ್ಟಿ ಗದ್ದೆಪ್ಪ ಮಸ್ಕಿಗೆ ಹೋಗಿ ಬರಬೇಕು, ಜಾಲಿ ಮರದ ಕೆಳಗೆ ಟೈರಿನ ಗಾಳಿ ತೆಗೆದು ಅರ್ಧ ತಾಸು ನಿಲ್ಲಬೇಕು, ಬಂದ ಮೇಲೆ ನಾನೂರ ಹನ್ನೆರಡು ಮನೆಗೂ ಸೋಸಿ ಕೊಡಬೇಕು ಎಂದು ಠರಾವು ಬರೆದರು. ತಂಬಿಗೆಯಲ್ಲಿ ಸುರಿಯುವ ಕೆಲಸ ಎಷ್ಟು ಹೊತ್ತಿಗೆ ಶುರುವಾಗಬೇಕು ಎಂಬ ಬಗ್ಗೆ ಮಾತ್ರ ಸ್ವಲ್ಪ ಚರ್ಚೆಯಾಯಿತು.

ಗದ್ದೆಪ್ಪ ಎದ್ದ. ದಿನವೆಲ್ಲ ಯಾವುದನ್ನು ಉಳಿಸಿಕೊಳ್ಳಲು ಓಡಾಡಿದ್ದನೋ ಆ ಚಾವಿಯನ್ನು ತಾನಾಗಿಯೇ ಹೆಗಲಿಂದ ಇಳಿಸಿ, ಅಧ್ಯಕ್ಷನ ಮುಂದಿನ ಟೇಬಲ್ ಮೇಲಿಟ್ಟು ಕೈಮುಗಿದ.

ವಿರೇಶ ಎದ್ದು ಬಂದು, ಎರಡೂ ಕೈಯಿಂದ ಚಾವಿ ಎತ್ತಿ, ಮತ್ತೆ ಆತನ ಹೆಗಲ ಮೇಲಿಟ್ಟ.

"ಹೋದ್ರ ಹೆಂಗಪಾ ಗದ್ದೆಪ್ಪ," ಎಂದ ಪ್ರೀತಿಯಿಂದ. "ಈ ಪದ್ಧತಿ ಪೂರಾ ಗೊತ್ತಿರೋದು ನಿನಗ ಒಬ್ಬಗ. ನಿನ್ನ ರಾಜೀನಾಮೆ ನಾಮಂಜೂರ್."

ಮತ್ತೆ ಚಪ್ಪಾಳೆ ಬಿತ್ತು. ಠರಾವಿನ ಕೆಳಗೆ ಗದ್ದೆಪ್ಪನ ಸಹಿ ಹಾಕಿಸಿಕೊಂಡು, ಮೊದಲ ಟ್ಯಾಂಕರ್ ನಾಳೆ ಬೆಳಿಗ್ಗೆ ನಾಲ್ಕಕ್ಕೆ ಹೊರಡುತ್ತದೆ ಎಂದು ಬರೆದರು.