ಕೋಸು ಸುಲಿದ ಭಾನುವಾರ

ಅಡುಗೆಯಲ್ಲಿ ಅಂಥ ದೊಡ್ಡ ವಿದ್ಯೆಯೇನೂ ಇಲ್ಲ ಎಂಬುದು ನನ್ನ ಬಹುದಿನದ ನಂಬಿಕೆಯಾಗಿತ್ತು. ಬೆಂಕಿ ಇದೆ, ಪಾತ್ರೆ ಇದೆ, ಒಳಗೆ ಹಾಕುವ ಪದಾರ್ಥ ಇದೆ. ಪದಾರ್ಥಕ್ಕೆ ಬೇಯದೆ ಬೇರೆ ದಾರಿಯೇ ಇಲ್ಲ! ಇಷ್ಟು ಸರಳವಾದ ಕೆಲಸಕ್ಕೆ ಹೆಂಗಸರು ಇಡೀ ಬೆಳಗು ಯಾಕೆ ಒದ್ದಾಡುತ್ತಾರೆ ಎಂದು, ಸೊರಬದ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಲೇ ನಾನು ಯೋಚಿಸಿದ್ದುಂಟು. ಈ ನಂಬಿಕೆಯನ್ನು ಒಂದು ಭಾನುವಾರ ಬೆಳಿಗ್ಗೆ ಎರಡು ಕೋಸು ಮತ್ತು ಒಂದು ಹಸು ಸೇರಿಕೊಂಡು ಮುಗಿಸಿಬಿಟ್ಟವು.

ಆಗಿನ್ನೂ ರಾಜ್ಯ ಒಂದಾಗಿ ಒಂದೆರಡು ವರ್ಷ. ನಾನೂ ಗೌರಿಯೂ ಒಂದಾಗಿ ಒಂದೇ ವರ್ಷ. ಗೌರಿ ಶಿಕಾರಿಪುರದವಳು. ಮದುವೆಯಾಗಿ ಸೊರಬಕ್ಕೆ ಬಂದವಳು ಬೇಗನೆ ಬಸುರಿಯಾದಳು, ಬಸುರಿಯಾದವಳು ಊಟ ಬಿಟ್ಟಳು. ಅನ್ನ ಕುದಿಯುವ ವಾಸನೆ ಬಂದರೆ ಹಿತ್ತಲಿಗೆ ಓಡುತ್ತಿದ್ದಳು. ಒಗ್ಗರಣೆ ಸಿಡಿದರೆ ಬೀದಿಗೇ ಓಡುತ್ತಿದ್ದಳು. ಪಕ್ಕದ ಮನೆಯ ಪಾರ್ವತಮ್ಮನವರು, ನಾವು ಬಾಡಿಗೆಗಿದ್ದ ಮನೆಯ ಒಡತಿಯೂ ಅವರೇ, ಚಂದ್ರಗುತ್ತಿಗೆ ಹೋದಾಗ ದೇವಿಯ ಕುಂಕುಮ ತಂದು ಅವಳ ಹಣೆಗೆ ಹಚ್ಚಿದರು. ಶುಂಠಿ ಕಷಾಯವಾಯಿತು, ನಿಂಬೆಹಣ್ಣಾಯಿತು. ಒಂದೂ ನಾಟಲಿಲ್ಲ. ಹುಡುಗಿಯ ಕೈಬಳೆ ಮೊಣಕೈವರೆಗೆ ಜಾರತೊಡಗಿತು.

ಈ ಸುದ್ದಿ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಹೋಯಿತು. ಮಾರನೆಯ ಬಸ್ಸಿನಲ್ಲಿ ನಮ್ಮ ಅತ್ತೆಯವರ ಉತ್ತರ ಕಂಡಕ್ಟರನ ಬಾಯಲ್ಲಿ ಬಂತು. ಭಾನುವಾರ ತಾವೇ ಬರುವುದಾಗಿಯೂ, ಮಗಳು ಊಟ ಮಾಡದಿದ್ದರೆ ಅಂದೇ ತವರಿಗೆ ಕರೆದುಕೊಂಡು ಹೋಗುವುದಾಗಿಯೂ, ಹೆರಿಗೆ ಬಾಣಂತನ ಎಲ್ಲ ಮುಗಿದ ಮೇಲೆ ಕಳಿಸುವುದಾಗಿಯೂ ಅವರು ತಿಳಿಸಿದ್ದರು. ಅಂದರೆ ಹೆಚ್ಚುಕಡಿಮೆ ಒಂದು ವರ್ಷ! ಗೌರಿಯಿಲ್ಲದ ಮನೆ ನನಗೆ ಬೇಡವಾಗಿತ್ತು. ಆ ಕಾಲದ ಗಂಡಸು ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದರೆ ಊರೆಲ್ಲ ನಗುತ್ತಿತ್ತು. ಆದ್ದರಿಂದ ನಾನು ಗಂಟಲು ಸರಿಮಾಡಿಕೊಂಡು, ಆಗಲಿ ಎಂದು ಕಂಡಕ್ಟರನಿಗೆ ಹೇಳಿ ಒಳಗೆ ಬಂದು ಗೋಡೆ ನೋಡುತ್ತ ಕುಳಿತೆ.

ಅಂದು ಸಂಜೆ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಹನುಮಂತಪ್ಪನವರು ಜಗುಲಿಗೆ ಬಂದರು. ಅವರು ಹಿಂದೆ ಮಿಲಿಟರಿಯಲ್ಲಿದ್ದವರು. ಯಾವ ಮಾತು ತೆಗೆದರೂ ಐದು ನಿಮಿಷದೊಳಗೆ ಅದನ್ನು ಮಿಲಿಟರಿಗೆ ಸೇರಿಸುತ್ತಿದ್ದರು. ಗೌರಿಯ ಊಟದ ಮಾತೂ ಹಾಗೆಯೇ ಸೇರಿತು. ಅಲ್ಲಿ ಒಂದು ಅಡುಗೆ ಮಾಡುತ್ತಿದ್ದರಂತೆ. ರುಬ್ಬುವುದಿಲ್ಲ, ಒಗ್ಗರಣೆಯಿಲ್ಲ, ಬೇರೆ ಅನ್ನ ಬೇಡ, ಸಾರು ಬೇಡ. ಒಂದೇ ಬಾಣಲೆ. ಅದಕ್ಕೆ ಕೈಮಾ, ಅಂದರೆ ಸಣ್ಣಗೆ ಕೊಚ್ಚಿದ ಮಾಂಸ ಹಾಕಬೇಕು, ಮೇಲೆ ಕೋಸು ಹೆಚ್ಚಿ ಹಾಕಬೇಕು, ಮುಚ್ಚಬೇಕು. ಮುಗಿಯಿತು, ಊಟಕ್ಕೆ ಕೂರಬಹುದು! ಯಾವ ಮಾಂಸ ಎಂದು ಕೇಳಿದೆ. ಸಾಹೇಬರಿಗೆ ದನದ್ದು, ನಮಗೆ ಕುರಿಯದು ಎಂದು ಹೇಳುತ್ತಿದ್ದರು, ಬಾಣಲೆ ಮಾತ್ರ ಒಂದೇ ಕಾಣುತ್ತಿತ್ತು, ನಾವು ಕೆದಕಲು ಹೋಗಲಿಲ್ಲ ಎಂದರು. ನೀವು ಕುರಿಯದೇ ಹಾಕಿ ಎಂದೂ ಸೇರಿಸಿದರು.

ಬಾಗಿಲ ಹಿಂದೆ ಬಳೆ ಸದ್ದಾಯಿತು. ಗೌರಿ ಇಣುಕಿದಳು.

"ಒಗ್ಗರಣಿ ಇಲ್ದ ಅಡಗಿ! ಕೋಸು ಅಂದ್ರ ಹೆಂಗಿರತೈತೋ ಏನೋ. ಒಂದ್ಸಲ ತಿಂದು ನೋಡ್ಬೇಕ್ರಿ" ಎಂದಳು.

ಒಂದು ತಿಂಗಳಲ್ಲಿ ಅವಳು ತಿನ್ನುವ ಮಾತೆತ್ತಿದ್ದು ಅದೇ ಮೊದಲು. ಬಸುರಿಯ ಬಯಕೆ! ಅದನ್ನು ತೀರಿಸದಿದ್ದರೆ ನಾನೆಂಥ ಗಂಡ? ಪಾರ್ವತಮ್ಮನವರಿಂದಾಗಲಿ, ಬೇರೆ ಯಾವ ಹೆಂಗಸಿನಿಂದಾಗಲಿ ಸಹಾಯ ಪಡೆಯದೆ, ಭಾನುವಾರದ ಊಟವನ್ನು ಸ್ವಹಸ್ತದಿಂದಲೇ ತಯಾರಿಸುವುದಾಗಿ ಆ ಜಗುಲಿಯ ಮೇಲೆಯೇ ಘೋಷಿಸಿದೆ. ಹನುಮಂತಪ್ಪನವರು ತಮ್ಮ ಕಬ್ಬಿಣದ ಬಾಣಲೆಯನ್ನು ಮುಚ್ಚಳ ಸಮೇತ ಕೊಡಲು ಒಪ್ಪಿದರು. ಊಟಕ್ಕೆ ಬರಲೂ ಒಪ್ಪಿದರು.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಬೇಕು. ಕೋಸು ಎಂಬ ತರಕಾರಿಯನ್ನು ಹೆಚ್ಚದೆ ಇಡಿಯಾಗಿರುವಾಗ ನಾನು ಎಂದೂ ನೋಡಿರಲಿಲ್ಲ. ತರಬೇತಿಗೆಂದು ಶಿವಮೊಗ್ಗದಲ್ಲಿದ್ದಾಗ ಹೋಟೆಲಿನಲ್ಲಿ ಪಲ್ಯ ತಿಂದಿದ್ದೆ, ಅಷ್ಟೆ. ನಮ್ಮ ಕಡೆ ಆಗ ಅದನ್ನು ಬೆಳೆಯುವವರೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಶನಿವಾರ ಮಧ್ಯಾಹ್ನ ಶಿರಾಳಕೊಪ್ಪಕ್ಕೆ ಹೋಗಿ ಹುಡುಕಿದಾಗ ಒಬ್ಬ ವ್ಯಾಪಾರಿಯ ಹತ್ತಿರ, ಕುಂಬಳಕಾಯಿಗಳ ಹಿಂದೆ, ಎರಡೇ ಎರಡು ಕುಳಿತಿದ್ದವು. ಎರಡನ್ನೂ ಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವುಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಇಡೀ ಬಸ್ಸಿಗೆ ಕುತೂಹಲ. ಮುಂದಿನ ಸೀಟಿನ ಮುದುಕರು ತಿರುಗಿ, ಹಲಸಿನಕಾಯಿ ಬಲಿತಿದೆಯೇ ಎಂದು ನೋಡುವಂತೆ ಬೆರಳಲ್ಲಿ ತಟ್ಟಿ, ಕಿವಿ ಹತ್ತಿರ ತಂದು, ಇನ್ನೂ ಎಳೆಯದು ಎಂದು ತೀರ್ಪು ಕೊಟ್ಟರು. ಒಬ್ಬರು ಮೂಸಿದರು. ಇನ್ನೊಬ್ಬರು ಅದನ್ನು ಎತ್ತಿ ತೂಕ ನೋಡಿ ಪಕ್ಕದವರಿಗೆ ಕೊಟ್ಟರು. ಅದು ಹಿಂದಿನ ಸೀಟಿನವರೆಗೂ ಹೋಗಿ ಬಂತು. ಇದು ಮರದಲ್ಲಿ ಬಿಡುತ್ತದೋ, ನೆಲದೊಳಗೆ ಬಿಡುತ್ತದೋ ಎಂದು ಒಬ್ಬ ಹೆಂಗಸು ಕೇಳಿದರು. ಮೇಷ್ಟರಾದವನು ಗೊತ್ತಿಲ್ಲ ಎನ್ನಬಹುದೇ? ಬಳ್ಳಿಯಲ್ಲಿ ಎಂದೆ. ಎಲ್ಲರೂ ತಲೆದೂಗಿದರು.

ಭಾನುವಾರ ಬೆಳಿಗ್ಗೆ ಕಟುಕರ ಅಂಗಡಿಯಿಂದ ಕೈಮಾ ತಂದೆ. ಪಾರ್ವತಮ್ಮನವರ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲವಾದ್ದರಿಂದ, ಮನೆಯೊಳಗಿನ ಒಲೆಯ ಮೇಲೆ ಮಾಂಸ ಏರಿಸಬಾರದೆಂಬ ಕರಾರಿನ ಮೇಲೆಯೇ ನಮಗೆ ಮನೆ ಕೊಟ್ಟಿದ್ದರು. ಆದ್ದರಿಂದ ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆ. ಬೇಲಿಯಾಚೆ ಅವರ ಹಸು ಗಂಗೆ ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು. ಗೌರಿ ಹಿತ್ತಿಲ ಬಾಗಿಲಲ್ಲಿ, ಮೂಗಿಗೆ ಸೆರಗು ಒತ್ತಿಕೊಂಡು ಕುಳಿತಳು.

ಬಾಣಲೆ ಕಾಯಿತು. ಕೈಮಾ ಬಿತ್ತು. ಎರಡು ದೊಡ್ಡ ಕೋಸುಗಳ ಗಾತ್ರವನ್ನು ಕಣ್ಣಲ್ಲೇ ಅಳೆದು, ಇಡೀ ಅಡುಗೆಗೆ ಸಾಕಾಗುವಷ್ಟು ಉಪ್ಪನ್ನು ಮೊದಲೇ ಹಾಕಿ ಮುಚ್ಚಳ ಮುಚ್ಚಿದೆ. ಮುಂದಾಲೋಚನೆ! ಆಮೇಲೆ ಕೋಸು ಕೈಗೆತ್ತಿಕೊಂಡೆ. ಮೇಲಿನ ಎಲೆ ತೆಗೆದುಹಾಕಿ ಒಳಗಿನದನ್ನು ಹೆಚ್ಚಬೇಕು ಎಂದು ಹನುಮಂತಪ್ಪನವರು ಹೇಳಿದ್ದರು. ಹಾಗೆಂದರೇನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಳೆಹೂವು ಬಿಡಿಸುವುದನ್ನು ನೋಡುತ್ತಲೇ ಬೆಳೆದವನು ನಾನು. ಮೇಲಿನ ಕೆಂಪು ಎಸಳು ಎತ್ತಿದರೆ ಅದರ ಬುಡದಲ್ಲಿ ಸಾಲಾಗಿ ಹೂಗಳು ಮಲಗಿರುತ್ತವೆ. ಹೂ ಬುಟ್ಟಿಗೆ, ಎಸಳು ದನಕ್ಕೆ. ಕೋಸು ದುಂಡಗಿರುವ ಬಾಳೆಹೂವು, ಬೇರೇನಲ್ಲ!

ಮೊದಲ ಎಲೆ ಎತ್ತಿದೆ. ಕೆಳಗೆ ಹೂವಿಲ್ಲ. ಬೇಲಿಯಾಚೆ ಎಸೆದೆ. ಗಂಗೆ ಮೂಸಿ, ಒಂದು ಕ್ಷಣ ಯೋಚಿಸಿ, ತಿಂದಿತು. ಎರಡನೆಯ ಎಲೆ ಎತ್ತಿದೆ. ಅಲ್ಲೂ ಇಲ್ಲ.

"ಸಿಕ್ತೇನ್ರಿ?" ಎಂದು ಗೌರಿ ಬಾಗಿಲಿಂದ ಕೇಳಿದಳು.

ಇನ್ನೂ ಇಲ್ಲ ಎಂದೆ. ಒಳಒಳಗೆ ಹೋದಂತೆ ಎಲೆ ಬೆಳ್ಳಗಾಗುತ್ತ ಬಂತು. ಬಾಳೆಹೂವೂ ಹಾಗೆಯೇ ತಾನೇ? ನನ್ನ ಸಿದ್ಧಾಂತ ಸರಿಯಾಗಿದೆ! ಉತ್ಸಾಹ ಹೆಚ್ಚಿತು. ಎತ್ತಿದೆ, ಇಣುಕಿದೆ, ಎಸೆದೆ. ಎಲೆಗಳು ಒಂದನ್ನೊಂದು ಬಿಗಿಯಾಗಿ ತಬ್ಬಿಕೊಂಡಿದ್ದವು. ಇಷ್ಟು ಜೋಪಾನವಾಗಿ ಮುಚ್ಚಿಟ್ಟಿರಬೇಕಾದರೆ ಒಳಗಿರುವ ವಸ್ತು ಸಾಮಾನ್ಯದ್ದಲ್ಲ ಎಂದು ಗೌರಿಗೆ ವಿವರಿಸಿದೆ. ಅವಳಿಗೂ ಕುತೂಹಲ ತಡೆಯಲಾಗಲಿಲ್ಲ. ಮೂಗಿನ ಸೆರಗು ಬಿಟ್ಟು ಎದ್ದುಬಂದು ಪಕ್ಕದಲ್ಲೇ ಕುಳಿತಳು. ಗಂಗೆಯೂ ಬೇಲಿಯ ಮೇಲಿಂದ ಕತ್ತು ಚಾಚಿತು. ಮೂವರೂ ಕಾಯುತ್ತಿದ್ದೆವು.

ಕೊನೆಗೆ ಕೈಯಲ್ಲಿ ಒಂದು ಬಿಳಿಯ ದಿಂಡು ಉಳಿಯಿತು. ಹೂವಿಲ್ಲ, ಕಾಯಿಯಿಲ್ಲ, ಬೀಜವಿಲ್ಲ.

ಇದು ಗೊಡ್ಡು ಎಂದೆ. ಇನ್ನೊಂದನ್ನು ತೆಗೆದುಕೊಂಡೆ. ಮತ್ತೆ ಎತ್ತಿದೆ, ಇಣುಕಿದೆ, ಎಸೆದೆ. ಅದೂ ಗೊಡ್ಡೇ! ಶಿರಾಳಕೊಪ್ಪದ ವ್ಯಾಪಾರಿ ಮೇಷ್ಟರೊಬ್ಬರಿಗೆ ಇಂಥ ಮೋಸ ಮಾಡಬಹುದೇ ಎಂದು ನಾನು ಸಾತ್ವಿಕ ಕೋಪದಿಂದ ಎದ್ದುನಿಂತೆ. ಆಗ ಮೂಗಿಗೆ ವಾಸನೆ ಬಡಿಯಿತು.

ಬಾಣಲೆಯನ್ನು ಮರೆತೇಬಿಟ್ಟಿದ್ದೆ. ಮುಚ್ಚಳ ತೆಗೆದರೆ ಹೊಗೆ ಗೋಪುರದಂತೆ ಎದ್ದಿತು. ಗೌರಿ ಸೆರಗನ್ನು ಮತ್ತೆ ಮೂಗಿಗೆ ಒತ್ತಿಕೊಂಡು ದೂರ ಸರಿದಳು. ಗಡಬಡಿಸಿ ಒಂದು ಚೊಂಬು ನೀರು ಸುರಿದೆ. ಬಾಣಲೆ ಬುಸುಗುಟ್ಟಿತು. ಕೈಮಾ ಎರಡು ಪಂಗಡವಾಯಿತು. ಒಂದು ಪಂಗಡ ತಳಕ್ಕೆ ಅಂಟಿಕೊಂಡು ಬರಲೊಲ್ಲೆ ಎಂದಿತು, ಇನ್ನೊಂದು ಕಪ್ಪು ನೀರಿನಲ್ಲಿ ತೇಲಿತು. ರುಚಿ ನೋಡೋಣವೆಂದು ಒಂದು ಹನಿ ನಾಲಗೆಗೆ ಹಾಕಿಕೊಂಡೆ. ಗೋಕರ್ಣದ ಸಮುದ್ರದಲ್ಲಿ ಮುಳುಗಿದ್ದಾಗಲೂ ನನ್ನ ಬಾಯಿಗೆ ಅಷ್ಟು ಉಪ್ಪು ಹೋಗಿರಲಿಲ್ಲ.

ಸರಿಯಾಗಿ ಈ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ಇಬ್ಬರು ಕಾಣಿಸಿಕೊಂಡರು. ಒಬ್ಬರು ಹಸಿದ ಹನುಮಂತಪ್ಪನವರು. ಇನ್ನೊಬ್ಬರು, ಕೈಯಲ್ಲಿ ಬಟ್ಟೆಯ ಗಂಟು ಹಿಡಿದ ನಮ್ಮ ಅತ್ತೆಯವರು. ಬಸ್ಸು ಎಂದೂ ಇಲ್ಲದ ಹಾಗೆ ಅಂದು ಬೇಗ ಬಂದಿತ್ತು!

ಹನುಮಂತಪ್ಪನವರು ಬಗ್ಗಿ ತಮ್ಮ ಬಾಣಲೆಯೊಳಗೆ ಇಣುಕಿದರು. ಆಮೇಲೆ ಕೋಸು ಎಲ್ಲಿ ಎಂದು ಕೇಳಿದರು. ನಾನು ಎರಡು ದಿಂಡುಗಳನ್ನು ತೋರಿಸಿ, ಎರಡೂ ಗೊಡ್ಡು, ಒಳಗೆ ಏನೂ ಇರಲಿಲ್ಲ ಎಂದು ದೂರು ಕೊಟ್ಟೆ.

"ಒಳಗೆ ಎಂತ ಇರತ್ತೆ ಮಾರಾಯ್ರೇ? ಎಲೆನೇ ಕೋಸು. ಮೇಲಿನ ಒರಟು ಎಲೆ ಎರಡು ತೆಗೀಬೇಕು, ಉಳಿದಿದ್ದೆಲ್ಲ ತಿನ್ನೋದೇ" ಎಂದರು ಹನುಮಂತಪ್ಪನವರು.

ನಾನು ಬೇಲಿಯ ಕಡೆ ತಿರುಗಿದೆ. ಗಂಗೆ ಕೊನೆಯ ಬಿಳಿ ಎಲೆಯನ್ನು ನಿಧಾನವಾಗಿ ಬಾಯೊಳಗೆ ಎಳೆದುಕೊಳ್ಳುತ್ತಿತ್ತು. ಅರ್ಧ ಎಲೆ ಇನ್ನೂ ಹೊರಗಿತ್ತು! ಅತ್ತೆಯವರ ಮುಂದೆ ನನ್ನ ಮರ್ಯಾದೆ, ಗೌರಿಯ ಬಯಕೆ, ಮುಂದಿನ ಒಂದು ವರ್ಷ, ಎಲ್ಲವೂ ಆ ಅರ್ಧ ಎಲೆಯಲ್ಲಿ ನಿಂತಿರುವಂತೆ ನನಗೆ ತೋರಿತು. ಹಿಂದುಮುಂದು ನೋಡದೆ ಬೇಲಿ ಹಾರಿದೆ. ಪಂಚೆ ಹಾರಲಿಲ್ಲ. ಅದರ ಒಂದು ತುದಿ ಬೇಲಿಯಲ್ಲೇ ಉಳಿಯಿತು. ನಾನು ಒಂದು ಕೈಯಲ್ಲಿ ಪಂಚೆ ಹಿಡಿದು, ಇನ್ನೊಂದು ಕೈಯಲ್ಲಿ ಎಲೆ ಹಿಡಿದು ಎಳೆದೆ. ಗಂಗೆಯೂ ಎಳೆಯಿತು. ಸದ್ದಿಗೆ ಪಾರ್ವತಮ್ಮನವರು ಹೊರಗೆ ಬಂದರು.

"ಮೇಷ್ಟ್ರೇ, ದನಕ್ಕೆ ಕೊಟ್ಟಿದ್ದನ್ನ ಬಾಯಿಂದ ಕಿತ್ಗಳ್ತಾರ? ಅಷ್ಟು ಹಸಿವಾಗಿದ್ರೆ ನಮ್ಮನೇಲಿ ಒಂದು ಮಾತು ಕೇಳಬಾರ್ದಿತ್ತಾ?" ಎಂದು ಮರುಗಿದರು.

ಎಲೆ ಹರಿಯಿತು. ನನ್ನ ಪಾಲಿಗೆ ಅಂಗೈ ಅಗಲದ ಚೂರು ಬಂತು. ಅದನ್ನು ಹಿಡಿದು ಬೇಲಿಯಾಚೆ ನೋಡಿದರೆ ಗೌರಿ ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದಳು. ಮತ್ತೆ ಬೇಲಿ ದಾಟಿದೆ. ಹತ್ತಿರ ಓಡಿ ಬಂದರೆ, ಅವಳು ನಗುತ್ತಿದ್ದಳು. ತಿಂಗಳಿಂದ ಕಾಣದ ನಗು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹನುಮಂತಪ್ಪನವರು ನಕ್ಕರು. ಬೇಲಿಯಾಚೆ ಪಾರ್ವತಮ್ಮನವರೂ ನಕ್ಕರು. ಅತ್ತೆಯವರು ಮಾತ್ರ ನಗಲಿಲ್ಲ.

ನಕ್ಕು ಸುಸ್ತಾದ ಗೌರಿ, ನಗುವಿನ ನಡುವೆಯೇ, ನೆಲದ ಮೇಲಿದ್ದ ಒಂದು ದಿಂಡು ಎತ್ತಿಕೊಂಡಳು. ಇಷ್ಟೆಲ್ಲ ರಾದ್ಧಾಂತ ಮಾಡಿದ ವಸ್ತು ಹೇಗಿದೆಯೋ ನೋಡೋಣವೆಂದು ಸೆರಗಿನಲ್ಲಿ ಒರೆಸಿ ಕಚ್ಚಿದಳು. ಕಟುಮ್ ಎಂದಿತು. ಅವಳು ಅಗಿದಳು, ನುಂಗಿದಳು. ಓಡಿಹೋಗಲಿಲ್ಲ. ಮತ್ತೊಂದು ಸಲ ಕಚ್ಚಿದಳು.

"ಎಳೇ ಮೂಲಂಗಿ ಥರ ಐತಿ, ತಣ್ಣಗ. ಅವ್ವಾ, ಚೂರು ಉಪ್ಪು ಕೊಡು" ಎಂದಳು.

ಎರಡೂ ದಿಂಡು ಮುಗಿದವು. ಆಮೇಲೆ ಅತ್ತೆಯವರ ಗಂಟಿನಲ್ಲಿದ್ದ ತಣ್ಣನೆಯ ರೊಟ್ಟಿಯಲ್ಲಿ ಒಂದು ಇಡಿಯಾಗಿ ಮುಗಿಯಿತು. ಬಿಸಿ ಅಡುಗೆಯ ವಾಸನೆ ಅವಳಿಗೆ ಆಗುತ್ತಿರಲಿಲ್ಲ, ಅಷ್ಟೆ. ತಣ್ಣಗಿದ್ದದ್ದು, ಹಸಿಯದ್ದು ಕೊಟ್ಟು ನೋಡಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ! ನಾನು ಪಂಚೆ ಸರಿಮಾಡಿಕೊಂಡು, ವಿಜಯಶಾಲಿಯ ಗಾಂಭೀರ್ಯದಿಂದ ಅತ್ತೆಯವರ ಮುಂದೆ ನಿಂತೆ. ಹುಡುಗಿ ಊಟ ಮಾಡಿದ್ದಾಳೆ, ಕರಾರಿನ ಪ್ರಕಾರ ಇನ್ನು ಕರೆದೊಯ್ಯುವ ಪ್ರಶ್ನೆಯೇ ಇಲ್ಲವಲ್ಲ ಎಂದು ಸೂಚಿಸಿದೆ.

ಅತ್ತೆಯವರು ಬಾಣಲೆಯನ್ನು ನೋಡಿದರು. ಬೇಲಿಯನ್ನು ನೋಡಿದರು. ನನ್ನ ಕೈಯಲ್ಲಿ ಇನ್ನೂ ಇದ್ದ ಎಲೆಯ ಚೂರನ್ನು ನೋಡಿದರು.

"ಖರೇ ಐತಿ ಅಳಿಯಂದ್ರೇ, ಆಕಿನ್ನ ಕರ್ಕೊಂಡು ಹೋಗಂಗಿಲ್ಲ. ನಿಮ್ಮ ಕೈಯಾಗ ಬಿಟ್ಟೂ ಹೋಗಂಗಿಲ್ಲ. ನಾನೇ ಇಲ್ಲಿ ಇರ್ತೀನಿ" ಎಂದು ಗಂಟನ್ನು ಒಳಗೆ ತೆಗೆದುಕೊಂಡು ಹೋದರು.

ಹೀಗೆ ನಾನು ಗೆದ್ದೆ. ಗೌರಿ ಸೊರಬದಲ್ಲೇ ಉಳಿದಳು. ದಿನದಿಂದ ದಿನಕ್ಕೆ ಕೆನ್ನೆ ತುಂಬಿಕೊಂಡಳು. ಅತ್ತೆಯವರೂ ಉಳಿದರು. ನಮ್ಮದು ಒಂದೇ ಕೋಣೆಯ ಮನೆ. ತಾಯಿ ಮಗಳು ಒಳಗೆ ಮಲಗುತ್ತಿದ್ದರು, ನನ್ನ ಹಾಸಿಗೆ ಜಗುಲಿಗೆ ಬಂತು. ಹಿತ್ತಿಲಿಗೆ ಹೋಗಬೇಕಾದರೂ ಕೆಮ್ಮಿ, ಅಪ್ಪಣೆ ಪಡೆದು ಹೋಗಬೇಕಾಗಿತ್ತು. ಹೆಂಡತಿ ಮನೆ ಬಿಟ್ಟು ಹೋಗಬಾರದೆಂದು ಅಷ್ಟೆಲ್ಲ ಪಾಡು ಪಟ್ಟೆ, ಕೊನೆಗೆ ಮನೆಯಿಂದ ಹೊರಗೆ ಬಿದ್ದವನು ನಾನೊಬ್ಬನೇ!