ಒಂಬತ್ತು ವರ್ಷ ಸಾಕಿದ ಬೂಷ್ಟು

ಮೂವತ್ತೆಂಟು ಜನರ ಮೂರು ತಿಂಗಳ ಕೂಲಿ ಬಾಕಿ ಇದೆ. ಇದನ್ನು ಮೊದಲು ಕಿವಿಗೆ ಹಾಕಿಕೊಳ್ಳಿ. ನಗುವುದೆಲ್ಲ ಆಮೇಲೆ.

ಕಗಯಾನ್ ನದಿಯ ದಂಡೆಯಲ್ಲಿದ್ದ ಚುರುಟಿನ ಕಾರ್ಖಾನೆ ಬಾಗಿಲು ಹಾಕಿದ ದಿನ ಮಾಲೀಕರ ಬಳಿ ದುಡ್ಡು ಇರಲಿಲ್ಲವಂತೆ, ಚುರುಟು ಇತ್ತಂತೆ. ಕೂಲಿಯ ಬದಲು ಆಳಿಗಿಷ್ಟು ಪೆಟ್ಟಿಗೆ ಚುರುಟು ಹೊರಿಸಿ ಮನೆಗೆ ಕಳಿಸಿದರು. ಪೆಟ್ಟಿಗೆ ಬಿಚ್ಚಿದರೆ ಚುರುಟಿನ ಮೇಲೆಲ್ಲ ಬೆಳ್ಳಗೆ ಏನೋ ಕೂತಿದೆ. ಕೆಲಸಗಾರರು ಅದನ್ನು ಬೂಷ್ಟು ಎಂದರು. ಮಾಲೀಕರ ವಕೀಲ ಎಸ್ಕುದೆರೊ ಬೂಷ್ಟಲ್ಲ, ಹೂವು ಎಂದ. ಒಳ್ಳೆಯ ಚುರುಟು ವರ್ಷಗಟ್ಟಲೆ ಮಾಗಿದರೆ ಎಲೆಯೊಳಗಿನ ಎಣ್ಣೆ ಹೊರಬಂದು ಒಣಗಿ ಹೂ ಬಿಡುತ್ತದೆ, ಹೂ ಬಿಟ್ಟ ಚುರುಟಿಗೆ ಬೆಲೆ ಹೆಚ್ಚು, ಆ ಲೆಕ್ಕದಲ್ಲಿ ಕೆಲಸಗಾರರೇ ಮಾಲೀಕರಿಗೆ ಚಿಲ್ಲರೆ ವಾಪಸು ಕೊಡಬೇಕು ಎಂದು ವಾದಿಸಿದ. ಹೀಗೆ ಶುರುವಾದ ಜಗಳ ಒಂಬತ್ತು ವರ್ಷ ಎಳೆಯಿತು.

ಕೆಲಸಗಾರರ ಕಡೆಯ ಮುಂದಾಳು ಮೆಲೆಸಿಯೊ. ಮೂವತ್ತೊಂದು ವರ್ಷ ಚುರುಟು ಸುತ್ತಿದ ಕೈ, ಮೂರು ಮುಷ್ಕರ ನಡೆಸಿದ ಬಾಯಿ, ಪೊಲೀಸರ ಲಾಠಿಗೆ ಸೊಟ್ಟಗಾದ ಎಡಗಿವಿ. ಸಂಘದವರು ಅವನನ್ನು ಕಾ ಮೆಲೆ ಎಂದು ಗೌರವದಿಂದ ಕರೆಯುತ್ತಿದ್ದರು. ಉಳಿದವರ ಚುರುಟೆಲ್ಲ ಹೇಗೋ ಖರ್ಚಾಗಿತ್ತು. ಕೆಲವನ್ನು ಅಜ್ಜಿಯರು ಸೇದಿದರು, ಕೆಲವು ನದಿಯ ಪ್ರವಾಹಕ್ಕೆ ಹೋದವು. ಉಳಿದದ್ದು ಮೆಲೆಸಿಯೊನ ಬೀರುವಿನ ಮೇಲೆ, ಬಾಲಯೇಸುವಿನ ಮೂರ್ತಿಯ ಹಿಂದೆ ಇದ್ದ ಒಂದೇ ಪೆಟ್ಟಿಗೆ. ಅದೇ ಮೂವತ್ತೆಂಟು ಜನರ ಸಾಕ್ಷಿ. ಮನೆಯಲ್ಲಿ ಯಾರೂ ಅದರ ಧೂಳು ಕೂಡ ಕೊಡವಕೂಡದೆಂದು ಅವನ ಕಟ್ಟಪ್ಪಣೆ. ತಾನೂ ಒಂದು ದಿನ ಮುಚ್ಚಳ ತೆಗೆದು ನೋಡಿದವನಲ್ಲ. ನಾಯಕನಾದವನಿಗೆ ನಂಬಿಕೆ ಇದ್ದರೆ ಸಾಲದೆ, ಭೂತಗನ್ನಡಿ ಯಾಕೆ!

ಅಂತೂ ತುಗೆಗರಾವ್ ಪಟ್ಟಣದ ಕಾರ್ಮಿಕ ಕಚೇರಿಗೆ ಹೊಸ ಅಧಿಕಾರಿ ಬಂದಳು. ಹೆಸರು ಲಗಾಸ್ಕ. ಇಷ್ಟು ವರ್ಷ ಕಾಗದದಲ್ಲೇ ಜಗಳವಾಡಿದ್ದು ಸಾಕು, ಬರುವ ಗುರುವಾರ ಮಾಲನ್ನೇ ತಂದು ಮೇಜಿನ ಮೇಲಿಡಿ ಎಂದು ನೋಟಿಸು ಕಳಿಸಿದಳು. ಮೆಲೆಸಿಯೊ ಸಂಘದ ಸಭೆಯಲ್ಲಿ ಎದೆ ತಟ್ಟಿಕೊಂಡ. ಅದು ಅಂತಿಂಥ ಬೂಷ್ಟಲ್ಲ, ಒಂಬತ್ತು ವರ್ಷ ಸಾಕಿದ ಬೂಷ್ಟು, ಈಗ ಗಡ್ಡ ಮೀಸೆ ಬಿಟ್ಟುಕೊಂಡು ಕೂತಿರುತ್ತದೆ, ಮುಚ್ಚಳ ತೆಗೆದ ಕೂಡಲೇ ಎಸ್ಕುದೆರೊ ಮೂಗು ಮುಚ್ಚಿಕೊಂಡು ಓಡದಿದ್ದರೆ ತಾನು ಸಂಘ ಬಿಟ್ಟು ಹಂದಿ ಕಾಯುತ್ತೇನೆ ಎಂದು ಪಣ ತೊಟ್ಟ. ಚಪ್ಪಾಳೆ ಬಿತ್ತು.

ಮನೆಗೆ ಬಂದವನು ಸ್ಟೂಲು ಹತ್ತಿ ಪೆಟ್ಟಿಗೆ ಇಳಿಸಿದ. ಮುಚ್ಚಳ ತೆಗೆದ.

ಚುರುಟುಗಳು ಮದುವೆ ಗಂಡಿನ ಬೂಟಿನ ಹಾಗೆ ಮಿರಮಿರ ಮಿಂಚುತ್ತಿದ್ದವು. ಬೂಷ್ಟಿನ ಒಂದು ಚುಕ್ಕೆಯೂ ಇರಲಿಲ್ಲ. ಸಾಲದ್ದಕ್ಕೆ ಒಂದು ಚುರುಟು ಕಡಿಮೆ.

ಹೆಂಡತಿ ತೀವಾ ಅಡುಗೆಮನೆಯಲ್ಲಿ ಬದನೆಕಾಯಿ ಸುಡುತ್ತಿದ್ದಳು. ಪೆಟ್ಟಿಗೆ ಮುಟ್ಟಿದ್ದು ಯಾರೆಂದು ಕೇಳಿದ್ದಕ್ಕೆ ತಿರುಗಿಯೂ ನೋಡಲಿಲ್ಲ.

"ನಾನೇ. ಮೊನ್ನೆ ಸತ್ತವರ ಹಬ್ಬ ಅಲ್ವಾ. ಅತ್ತೆಗೆ ಎಡೆ ಇಡ್ಬೇಕಿತ್ತು."

ಸತ್ತವರಿಗೆ ಅನ್ನ, ಮೊಟ್ಟೆ, ಕಬ್ಬಿನ ಹೆಂಡ ಇಡುವುದು ಆ ಊರಿನ ಪದ್ಧತಿ. ಬದುಕಿದ್ದಾಗ ಸೇದುತ್ತಿದ್ದವರಿಗೆ ಚುರುಟನ್ನೂ ಇಡಬೇಕು. ಮೆಲೆಸಿಯೊನ ತಾಯಿ ಉರಿಯುವ ತುದಿಯನ್ನು ಬಾಯಿಯ ಒಳಗಿಟ್ಟುಕೊಂಡು ಸೇದುತ್ತಿದ್ದ ಗಟ್ಟಿಗಿತ್ತಿ. ಅವಳ ಎಡೆಯಲ್ಲಿ ಲೋಪವಾದರೆ ಮನೆಮಂದಿಗೆಲ್ಲ ಹೊಟ್ಟೆನೋವು ಖಂಡಿತ.

"ಎಡೆಗೆ ಒಂದು ಸಾಕಾಗಿತ್ತಲ್ಲ ಬಾಕೆತ್, ಎಲ್ಲಾನೂ ಯಾಕೆ ಒರೆಸ್ದೆ?" ಅವನಿಗೆ ಅವಳು ಬಾಕೆತ್, ಅಂದರೆ ಮುದುಕಿ; ಅವಳಿಗೆ ಅವನು ಲಕಾಯ್, ಮುದುಕ.

"ಮುಚ್ಚಳ ತೆಗೆದ್ರೆ ಎಲ್ಲಾ ಬೆಳ್ಳಗಾಗಿ ಕೂತಿದ್ವು. ಅತ್ತೆ ಮೇಲಿಂದ ನೋಡಿ, ಸೊಸೆ ಎಂಥ ಗಲೀಜಿ ಅನ್ಕೊಳ್ಳಲ್ವಾ? ಹೆಂಡದಲ್ಲಿ ಬಟ್ಟೆ ಅದ್ದಿ ಒರೆಸ್ದೆ. ಬಿಸಿಲಿಗೆ ಇಟ್ಟೆ. ನೋಡು ಹೇಗಿದಾವೆ, ಹೊಸಾದರ ಹಾಗೆ."

ಮೆಲೆಸಿಯೊ ಗೋಡೆಗೆ ಒರಗಿದ. ಪೊಲೀಸರಿಂದ ಮುರಿಯಲಾಗದ ಮುಷ್ಕರವನ್ನು ಹೆಂಡತಿ ಒಂದು ಹಳೆ ಪಂಚೆಯ ಚೂರಿನಿಂದ ಒರೆಸಿ ಹಾಕಿದ್ದಳು. ಆದರೂ ಒಂದು ಮಾತು ಕೇಳಲೇಬೇಕಿತ್ತು. ಅದು ಹೇಗೆ ಹೋಯಿತು, ತಿಕ್ಕಬೇಕಾಯಿತೇ, ಎಲೆಯ ಮೇಲೆ ಕಲೆ ಉಳಿಯಿತೇ?

"ತಿಕ್ಕೋದೇನು ಬಂತು. ಮುಖಕ್ಕೆ ಹಚ್ಚಿದ ಪೌಡರ್ ಹೋದ ಹಾಗೆ ಹೋಯ್ತು."

ಮೆಲೆಸಿಯೊ ಪೆಟ್ಟಿಗೆಯಿಂದ ಒಂದು ಚುರುಟು ಎತ್ತಿ ಮೈಯೆಲ್ಲ ತಡವಿ ನೋಡಿದ. ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ಈ ಪಾಠ ಹೇಳಿಕೊಡುತ್ತಿದ್ದವನೇ ಅವನು. ಬೂಷ್ಟಾದರೆ ತೇಪೆ ತೇಪೆಯಾಗಿ ಹಿಡಿಯುತ್ತದೆ, ಬೆಕ್ಕಿನ ಮರಿಯ ಮೈಯಂತೆ ನವಿರಾಗಿರುತ್ತದೆ, ಹಸಿರು ತಿರುಗುತ್ತದೆ, ಬೆಂಕಿ ಹಚ್ಚುವ ತುದಿಯನ್ನೂ ಬಿಡುವುದಿಲ್ಲ, ಒರೆಸಿದರೂ ಕಲೆ ಹೋಗುವುದಿಲ್ಲ. ಹೂವಾದರೆ ಜರಡಿ ಹಿಡಿದ ಹಿಟ್ಟಿನಂತೆ ಮೈತುಂಬ ಸಮವಾಗಿ ಕೂತು, ಒರೆಸಿದರೆ ಗುರುತಿಲ್ಲದೆ ಹೋಗುತ್ತದೆ. ಜೊತೆಗೆ ಇನ್ನೊಂದು ಸಂಕಟ. ಪೆಟ್ಟಿಗೆಯ ತಳದಲ್ಲಿ ಸುತ್ತಿದವನ ನಂಬರು ಇತ್ತು. ಅದು ಅವನದೇ ನಂಬರು. ಕಸುಬುದಾರನಿಗೆ ದೇವರು ಕೊಡಬಹುದಾದ ಅತಿ ದೊಡ್ಡ ಪದಕವನ್ನು ಅವನು ಒಂಬತ್ತು ವರ್ಷ ಬೂಷ್ಟು ಬೂಷ್ಟು ಎಂದು ಬೀದಿಯಲ್ಲಿ ನಿಂತು ಕೂಗಿದ್ದ!

ಆದರೆ ಮೂವತ್ತೆಂಟು ಜನರ ಕೂಲಿ ಪದಕಕ್ಕಿಂತ ದೊಡ್ಡದು. ಗುರುವಾರಕ್ಕೆ ಇನ್ನು ಐದು ದಿನ. ಬೂಷ್ಟು ಬಂದೇ ಬರಬೇಕು, ಬರದಿದ್ದರೆ ಬರಿಸಬೇಕು ಎಂದು ಮೆಲೆಸಿಯೊ ನಿರ್ಧರಿಸಿದ.

ಮೊದಲ ದಿನ ಪೆಟ್ಟಿಗೆಗೆ ಒದ್ದೆ ಗೋಣಿ ಸುತ್ತಿ ಮಂಚದ ಕೆಳಗೆ ತಳ್ಳಿದ. ಎರಡನೆಯ ದಿನ ಅನ್ನದ ಪಾತ್ರೆಯ ಹಬೆಗೆ ಹಿಡಿದ. ಅವತ್ತಿನ ಅನ್ನ ತಂಬಾಕು ನಾರಿತು. ಮೂರನೆಯ ದಿನ ಕೇರಿಯಲ್ಲೆಲ್ಲ ಅಲೆದು ಹಳಸಿದ ಬ್ರೆಡ್ಡು, ಬೂಷ್ಟು ಹಿಡಿದ ಅಕ್ಕಿ ಕಡುಬು ಬೇಡಿ ತಂದು, ಮಲಗುವ ಕೋಣೆಯ ತುಂಬ ಹರಡಿ, ಕಿಟಕಿ ಮುಚ್ಚಿ, ನಡುವೆ ಚುರುಟುಗಳನ್ನು ಕೂರಿಸಿದ. ನೋಡಿ ಕಲಿಯಲಿ ಎಂದು! ತೀವಾ ಚಾಪೆ ಎತ್ತಿಕೊಂಡು ಅಡುಗೆಮನೆಗೆ ವಲಸೆ ಹೋದಳು.

ಬುಧವಾರ ಕಿಟಕಿ ತೆಗೆದಾಗ ಬೂಷ್ಟು ಬಂದಿತ್ತು. ಭರ್ಜರಿಯಾಗಿ ಬಂದಿತ್ತು. ಮೆಲೆಸಿಯೊ ಇಗರ್ಜಿಗೆ ಹಾಕಿಕೊಂಡು ಹೋಗುವ ಬೂಟುಗಳ ಮೇಲೆ ಬಂದಿತ್ತು. ತೀವಾಳ ಮದುವೆ ಮುಸುಕಿನ ಮೇಲೆ ಬಂದಿತ್ತು. ಬಾಲಯೇಸುವಿನ ಮಖಮಲ್ಲಿನ ನಿಲುವಂಗಿ ಹಸಿರಾಗಿತ್ತು. ಸಂಘದ ಕೆಂಬಾವುಟಕ್ಕೆ ಅಂಚಿನುದ್ದಕ್ಕೂ ಜೂಲು ಬೆಳೆದಿತ್ತು. ಬರದೆ ಹೋದದ್ದು ಚುರುಟುಗಳಿಗೆ ಮಾತ್ರ. ಅವು ನೀರು ಕುಡಿದೂ ಕುಡಿದೂ ರಕ್ತ ಹೀರಿದ ಜಿಗಣೆಗಳಂತೆ ಊದಿಕೊಂಡು, ಅಲ್ಲಲ್ಲಿ ಹೊಟ್ಟೆ ಬಿರಿದು ಮಲಗಿದ್ದವು. ಮೈ ಮಾತ್ರ ಲಕಲಕ.

ತೀವಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಂದು ಸುತ್ತು ನೋಡಿದಳು.

"ಅಲ್ಲ ಲಕಾಯ್, ಆಗಿಂದ ಒಂದು ಮಾತು ಹೇಳ್ಬೇಕು ಅಂತಿದೀನಿ. ಅದು ಹೂವಾದ್ರೇನು ಬೂಷ್ಟಾದ್ರೇನು..."

ಇದು ಕಸುಬಿನ ಸೂಕ್ಷ್ಮ, ಹೆಂಗಸರಿಗೆ ತಿಳಿಯುವಂಥದ್ದಲ್ಲ ಎಂದು ಮೆಲೆಸಿಯೊ ಬಾಯಿ ಮುಚ್ಚಿಸಿದ. ಒಂಬತ್ತು ವರ್ಷದಿಂದ ಅವಳು ಆ ಮಾತನ್ನು ಶುರುಮಾಡಿದಾಗಲೆಲ್ಲ ಅವನು ಇದನ್ನೇ ಹೇಳಿ ನಿಲ್ಲಿಸುತ್ತಿದ್ದ. ತೀವಾ ಬಾಲಯೇಸುವಿನ ನಿಲುವಂಗಿ ಬಿಚ್ಚಿಕೊಂಡು ಒಗೆಯಲು ಹೋದಳು.

ಗುರುವಾರ ಕಚೇರಿಯಲ್ಲಿ ಸಂಘದವರೆಲ್ಲ ಗೋಡೆಯುದ್ದಕ್ಕೂ ನಿಂತಿದ್ದರು. ಊದಿದ ಚುರುಟುಗಳಿಂದ ಪೆಟ್ಟಿಗೆಯ ಮುಚ್ಚಳ ಕೂರುತ್ತಿರಲಿಲ್ಲವಾದ್ದರಿಂದ ಅದನ್ನು ಒತ್ತಿ ಹಿಡಿಯಲು ತೀವಾಳೂ ಬಂದಿದ್ದಳು. ಲಗಾಸ್ಕ ಮೇಡಂ ಮುಚ್ಚಳ ತೆಗೆದಳು. ಹೆಂಡದ ಘಾಟು, ಅನ್ನದ ವಾಸನೆ, ಹಳಸಿದ ಬ್ರೆಡ್ಡಿನ ಕಮಟು ಒಟ್ಟಿಗೆ ಎದ್ದು ಬಂದವು. ಬೂಷ್ಟು ಎಲ್ಲಿ ಎಂದು ಅವಳು ಕೇಳಿದಳು. ಎಸ್ಕುದೆರೊ ಭೂತಗನ್ನಡಿ ಹಿಡಿದು ಬಗ್ಗಿ ನೋಡಿ, ಇಲ್ಲವೇ ಇಲ್ಲ ಎಂದು ಹಿಗ್ಗಿದ. ಹೆಂಡತಿ ಒರೆಸಿಬಿಟ್ಟಳು ಎಂದು ಮೆಲೆಸಿಯೊ ಬಾಯಿಬಿಟ್ಟ. ಒರೆಸಿದರೆ ಕಲೆಯಿಲ್ಲದೆ ಹೋಯಿತೆಂದ ಮೇಲೆ ಅದು ಹೂವಲ್ಲದೆ ಇನ್ನೇನು ಎಂದು ಎಸ್ಕುದೆರೊ ಕಡತ ಮಡಚತೊಡಗಿದ.

ಮೇಡಂ ಮೆಲೆಸಿಯೊನ ಕಡೆ ತಿರುಗಿದಳು. ಮೂವತ್ತೊಂದು ವರ್ಷದ ಕಸುಬುದಾರರು ನೀವು, ಪ್ರಮಾಣ ಮಾಡಿ ಹೇಳಿ, ಅದು ಏನಾಗಿತ್ತು?

ಗೋಡೆಯುದ್ದಕ್ಕೂ ಮೂವತ್ತೇಳು ಜೊತೆ ಕಣ್ಣು. ಮೆಲೆಸಿಯೊ ಲಾಠಿಗೆ ಸುಳ್ಳು ಹೇಳಿದ್ದ, ಲಾಕಪ್ಪಿನಲ್ಲಿ ಸುಳ್ಳು ಹೇಳಿದ್ದ. ಆದರೆ ತಾನೇ ಸುತ್ತಿದ ಎಲೆಯನ್ನು ಎದುರಿಗಿಟ್ಟುಕೊಂಡು ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ಹೂವೇ ಮೇಡಂ," ಅಂದ.

ಎಸ್ಕುದೆರೊ ಎದ್ದು ನಿಂತು ಕೋಟು ಸರಿಮಾಡಿಕೊಂಡ. ಮುಚ್ಚಳ ಒತ್ತಲು ಬಂದಿದ್ದ ತೀವಾ ಮುಚ್ಚಳ ಕೆಳಗಿಟ್ಟಳು.

"ಮೇಡಂ, ನನ್ನದೊಂದು ಮಾತು. ಇವರು ಒಂಬತ್ತು ವರ್ಷದಿಂದ ಆಡೋಕೆ ಬಿಟ್ಟಿಲ್ಲ. ಇದು ಮನೆಗೆ ಬಂದ ದಿನ ಅಕ್ಕಿ ಅಂಗಡಿಗೆ ಒಂದು ಪೆಟ್ಟಿಗೆ ತಗೊಂಡು ಹೋದೆ. ಬೆಲೆಬಾಳೋ ಚುರುಟು, ಅಕ್ಕಿ ಕೊಡಪ್ಪ ಅಂದೆ. ದುಡ್ಡು ತಗೊಂಡು ಬಾ ಅಂದ. ಆವತ್ತು ಮಕ್ಕಳಿಗೆ ಗೆಣಸಿನ ಸೊಪ್ಪು ಬೇಯಿಸಿ ಹಾಕ್ದೆ. ಕೂಲಿ ಅಂದ್ರೆ ದುಡ್ಡಲ್ವಾ ಮೇಡಂ?"

ಲಗಾಸ್ಕ ಮೇಡಂ ಎಸ್ಕುದೆರೊನಿಗೆ ಕೂರಲು ಹೇಳಿದಳು. ಆಮೇಲೆ ಆ ದಪ್ಪ ಕಡತವನ್ನು ಮೊದಲಿಂದ ಕೊನೆವರೆಗೆ ತಿರುವಿದಳು. ಬೂಷ್ಟಿನ ಬಣ್ಣ, ಬೂಷ್ಟಿನ ವಾಸನೆ, ಬೂಷ್ಟಿನ ಮೇಲೆ ಮೆಲೆಸಿಯೊ ಕೈಯಾರೆ ಬರೆದ ಮೂರು ಅಧ್ಯಾಯ. ಕೂಲಿಯನ್ನು ದುಡ್ಡಿನಲ್ಲೇ ಕೊಡಬೇಕು, ಬೇರೆ ಯಾವ ವಸ್ತುವಿನಲ್ಲೂ ಕೊಡಕೂಡದು ಎಂದು ನೆಲದ ಕಾನೂನು ನೆಟ್ಟಗೆ ಹೇಳುತ್ತದೆ. ಆ ಒಂದು ಸಾಲು ಮಾತ್ರ ಇಡೀ ಕಡತದಲ್ಲಿ ಎಲ್ಲೂ ಇರಲಿಲ್ಲ.

"ಇದನ್ನ ಇಷ್ಟು ವರ್ಷ ಯಾರೂ ಕೇಳ್ಲಿಲ್ವಾ?" ಎಂದಳು.

ಕಾ ಮೆಲೆ ತನ್ನ ಬೂಟುಗಳನ್ನು ನೋಡಿಕೊಂಡ. ಅವುಗಳ ಮೇಲೆ ಇನ್ನೂ ಹಸಿರು ಇತ್ತು.

ಮೂರು ತಿಂಗಳ ಕೂಲಿಯನ್ನು ದುಡ್ಡಿನಲ್ಲಿ ಕೊಡಬೇಕೆಂದು ಮೇಡಂ ಅಲ್ಲೇ ಆದೇಶ ಬರೆಸಿದಳು. ಇಷ್ಟು ಬೆಲೆಬಾಳುವ ಚುರುಟನ್ನು ಮಾಲೀಕರು ಕಳೆದುಕೊಳ್ಳುವುದು ಬೇಡ, ವಾಪಸು ತೆಗೆದುಕೊಂಡು ಹೋಗಿ ಎಂದು ಪೆಟ್ಟಿಗೆಯನ್ನು ಎಸ್ಕುದೆರೊನ ಕಡೆ ತಳ್ಳಿದಳು. ಅವನು ಊದಿದ ಚುರುಟುಗಳನ್ನೊಮ್ಮೆ ನೋಡಿ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಮೂಗು ಮುಚ್ಚಿಕೊಂಡು ಹೊರಗೆ ನಡೆದ. ಅಲ್ಲಿಗೆ ಮೆಲೆಸಿಯೊನ ಪಣವೂ ಒಂದು ಲೆಕ್ಕದಲ್ಲಿ ಗೆದ್ದಿತು.

ಮರಳುವಾಗ ಜನ ತುಂಬಿದ ಜೀಪ್ನಿ ಗಾಡಿಯಲ್ಲಿ ತೀವಾ ಇದ್ದುದರಲ್ಲಿ ಹೊಟ್ಟೆ ಬಿರಿಯದ ಒಂದು ಚುರುಟನ್ನು ಆರಿಸಿ, ಹಚ್ಚಿ, ಥೇಟು ಅತ್ತೆಯ ಹಾಗೆ ಬೆಂಕಿಯ ತುದಿಯನ್ನು ಬಾಯಿಯೊಳಗೆ ಇಟ್ಟುಕೊಂಡಳು. ಎರಡು ದಮ್ಮು ಎಳೆದು ತೆಗೆದಳು.

"ಸುತ್ತೋದು ಚೆನ್ನಾಗಿ ಸುತ್ತೀಯ ಲಕಾಯ್. ಇನ್ಮೇಲೆ ಅಷ್ಟು ಮಾಡು. ಮಾತಾಡೋದು ನಾನು ನೋಡ್ಕೋತೀನಿ."

ಮುಂದಿನ ಸಭೆಯಲ್ಲಿ ಸಂಘದ ಅಧ್ಯಕ್ಷರ ಕುರ್ಚಿಯಲ್ಲಿ ತೀವಾ ಕೂತಳು. ಬಾವುಟ ಒಗೆದು ಒಣಹಾಕುವ ಕೆಲಸ ಮಾಜಿ ಅಧ್ಯಕ್ಷರಿಗೆ ಬಂತು.

ಆದೇಶವಾಗಿ ಏಳು ತಿಂಗಳಾಯಿತು, ಮಾಲೀಕರು ಇನ್ನೂ ಕೊಟ್ಟಿಲ್ಲ. ಅವರಿಂದ ವಸೂಲು ಮಾಡುವುದನ್ನು ತೀವಾ ನೋಡಿಕೊಳ್ಳುತ್ತಾಳೆ. ನೀವು ನಿಮ್ಮದನ್ನು ನೋಡಿಕೊಳ್ಳಿ. ನಿಮ್ಮ ಮನೆಯ ಪಾತ್ರೆ ತಿಕ್ಕುವವಳಿಗೆ, ನಿಮ್ಮ ಅಂಗಡಿಯಲ್ಲಿ ಮೂಟೆ ಹೊರುವವನಿಗೆ ಕೂಲಿಯ ಬದಲು ಒಂದು ಹಳೆ ಸೀರೆಯನ್ನೋ, ಮಿಕ್ಕ ಸಿಹಿಯನ್ನೋ, ಬಹಳ ಬೆಲೆಬಾಳುವುದು ಕಣೆ ಎಂಬ ಮಾತನ್ನೋ ಕೊಟ್ಟು ಕಳಿಸಿದ್ದೀರಲ್ಲ, ಅದು ಹೂವೋ ಬೂಷ್ಟೋ ಯಾರಿಗೂ ಬೇಕಾಗಿಲ್ಲ. ಎದ್ದು ಹೋಗಿ ದುಡ್ಡು ಕೊಡಿ. ಇವತ್ತೇ ಕೊಡಿ.